ಕಂಪ್ಯೂಟರು ಏಳದಿದ್ದರೆ ಮೊದಲು ನೋಡತಕ್ಕದ್ದೇನು?

ಸಾಲದ ಕಂತು ಕಟ್ಟಲು ಹತ್ತು ಜನ ರೈತರು ಸಹಕಾರಿ ಸಂಘದ ಕಟ್ಟೆಯ ಮೇಲೆ ಕುಳಿತಿದ್ದಾರೆಂದು ಇಟ್ಟುಕೊಳ್ಳಿರಿ. ಕಾರ್ಯದರ್ಶಿಯವರು ಕಂಪ್ಯೂಟರಿನ ಗುಂಡಿ ಒತ್ತುತ್ತಾರೆ. ಯಂತ್ರ ಸದ್ದು ಮಾಡುವುದಿಲ್ಲ. ಪೇಟೆಗೆ ಹೊತ್ತು ಒಯ್ದರೆ "ಬೋರ್ಡು ಹೋಗಿದೆ, ಹೊಸ ಯಂತ್ರವೇ ಒಳ್ಳೆಯದು" ಎಂಬ ಉತ್ತರ ಬಂದರೂ ಬಂದೀತು. ಆದರೆ ಕೆಟ್ಟಿರುವುದು ಬೋರ್ಡಲ್ಲ, ಅದಕ್ಕೆ ಕರೆಂಟು ಉಣಿಸುವ ಡಬ್ಬಿ ಮಾತ್ರ ಎಂಬ ಸಂದರ್ಭಗಳು ಬಹಳ. ಈ ಡಬ್ಬಿಗೆ ಪೇಟೆಯಲ್ಲಿ ಎಸ್‌ಎಂಪಿಎಸ್ ಎನ್ನುತ್ತಾರೆ. ಇದನ್ನು ಪರೀಕ್ಷಿಸುವ ಕ್ರಮ ಗೊತ್ತಿದ್ದರೆ ಸಂಘದ ಹಣ ಉಳಿಯುತ್ತದೆ.

ಈ ಡಬ್ಬಿಯ ಕೆಲಸವೇನು? ಹಿಡಕಲ್ ಜಲಾಶಯದ ನೀರನ್ನು ಒಮ್ಮೆಲೇ ಹೊಲಕ್ಕೆ ಬಿಟ್ಟರೆ ಬೆಳೆ ಕೊಚ್ಚಿಹೋಗುತ್ತದೆ. ದೊಡ್ಡ ಕಾಲುವೆ, ಕಿರುಗಾಲುವೆ, ತೂಬು ಎಂದು ಇಳಿಸಿ ಇಳಿಸಿ ಬಿಡಬೇಕು. ಹಾಗೆಯೇ ಗೋಡೆಯ 230 ವೋಲ್ಟು ಕಂಪ್ಯೂಟರಿಗೆ ನೇರವಾಗಿ ಆಗದು. ಡಬ್ಬಿಯು ಅದನ್ನು 12, 5 ಮತ್ತು 3.3 ವೋಲ್ಟುಗಳ ನೇರ ವಿದ್ಯುತ್ತಾಗಿ ಮಾಡಿ ಕೊಡುತ್ತದೆ.

ಗೋಕಾಕ ಜಲಪಾತದ ಬಳಿಯ ಗಿರಣಿ 1887ರಲ್ಲಿಯೇ ನೀರಿನ ಬಲದಿಂದ ನಡೆಯತೊಡಗಿದ ನಾಡು ನಮ್ಮದು. ಹುಕ್ಕೇರಿಯಲ್ಲಿ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೇ ಮನೆಮನೆಗೆ ಕರೆಂಟು ಹಂಚುತ್ತದೆ. ಗೋಕಾಕ, ಮೂಡಲಗಿಗಳಿಗೆ ಹೆಸ್ಕಾಂ ಕೊಡುತ್ತದೆ. ಯಾರೇ ಕೊಡಲಿ, ಪಂಪುಸೆಟ್ಟುಗಳು ಒಟ್ಟಿಗೆ ಎಳೆಯುವಾಗ ಲೈನಿನ ತುದಿಯ ಊರಿನಲ್ಲಿ ವೋಲ್ಟು ಇಳಿಯುವುದುಂಟು. ಆದುದರಿಂದ ಡಬ್ಬಿಯನ್ನು ದೂರುವ ಮೊದಲು ಗೋಡೆಯನ್ನು ನೋಡಿರಿ. ಅದೇ ಪ್ಲಗ್ಗಿಗೆ ಬೇರೊಂದು ಫ್ಯಾನು ಹಚ್ಚಿ ತಿರುಗುವುದೋ ನೋಡಿರಿ. ಯುಪಿಎಸ್ ಇದ್ದರೆ ಅದನ್ನು ಬಿಟ್ಟು ಕಂಪ್ಯೂಟರನ್ನು ನೇರವಾಗಿ ಗೋಡೆಗೆ ಹಚ್ಚಿರಿ. ಯುಪಿಎಸ್ಸಿನ ಬ್ಯಾಟರಿ ಸತ್ತಿರುವುದೂ ಉಂಟು. ವಾಯರು ಬದಲಿಸಿರಿ. ಡಬ್ಬಿಯ ಹಿಂದೆ ಚಿಕ್ಕ ಸ್ವಿಚ್ಚೊಂದಿರುತ್ತದೆ. ಕಸ ಗುಡಿಸುವಾಗ ಅದು ಆರಿಹೋಗಿ, ಊರೆಲ್ಲ ಪರದಾಡಿದ ಮೇಲೆ ಕಣ್ಣಿಗೆ ಬೀಳುವುದು ಹೊಸದೇನಲ್ಲ.

ಇಷ್ಟಾದರೂ ಏಳದಿದ್ದರೆ ಮಲ್ಟಿಮೀಟರು ಬೇಕು. ಊರಿನ ಮೋಟಾರು ರಿವೈಂಡಿಂಗ್ ಅಂಗಡಿಯಲ್ಲಿ ಸಿಕ್ಕೀತು.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಲೇಬೇಕು. ಡಬ್ಬಿಯ ಮುಚ್ಚಳವನ್ನು ಮಾತ್ರ ಯಾರೂ ಬಿಚ್ಚಕೂಡದು. ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮಿಕ್ಕಿದ ವಿದ್ಯುತ್ತು ತುಂಬಿರುತ್ತದೆ, ಪ್ಲಗ್ಗು ಕಿತ್ತ ಮೇಲೂ ಕೆಲಹೊತ್ತು ಉಳಿದಿರಬಹುದು. ಅದು ಪ್ರಾಣಕ್ಕೆ ಅಪಾಯ. ನಮ್ಮ ಪರೀಕ್ಷೆಯೆಲ್ಲ ಡಬ್ಬಿಯಿಂದ ಹೊರಬರುವ ಬಣ್ಣದ ವಾಯರುಗಳ ಮೇಲೆ ಮಾತ್ರ. ಕೈ ಒಣಗಿರಲಿ, ಕಾಲಲ್ಲಿ ಚಪ್ಪಲಿ ಇರಲಿ, ಜೊತೆಗೆ ಇನ್ನೊಬ್ಬರಿರಲಿ.

ಕಂಪ್ಯೂಟರಿನ ಪಕ್ಕದ ತಗಡು ತೆಗೆದರೆ ಬೋರ್ಡಿಗೆ ಸಿಕ್ಕಿಸಿದ 24 ತೂತಿನ ಅಗಲ ಪ್ಲಗ್ಗು ಕಾಣುತ್ತದೆ. ಮೀಟರನ್ನು ನೇರ ವಿದ್ಯುತ್ತಿನ 20 ವೋಲ್ಟಿಗೆ ಇಡಿರಿ. ಕಪ್ಪು ಮೊನೆಯನ್ನು ಕಪ್ಪು ವಾಯರಿಗೆ, ಕೆಂಪು ಮೊನೆಯನ್ನು ನೇರಳೆ ವಾಯರಿಗೆ, ಪ್ಲಗ್ಗಿನ ಹಿಂಬದಿಯಿಂದ ತಾಗಿಸಿರಿ. ಗೋಡೆಯ ಸ್ವಿಚ್ಚು ಹಾಕಿದೊಡನೆ, ಗುಂಡಿ ಒತ್ತದಿದ್ದರೂ, ಅಲ್ಲಿ 5 ವೋಲ್ಟು ಬರಲೇಬೇಕು. ಬಾರದಿದ್ದರೆ ಡಬ್ಬಿ ಕೆಟ್ಟಿದೆಯೆಂದು ಬಹುಮಟ್ಟಿಗೆ ತಿಳಿಯಬಹುದು. ಖಾತ್ರಿಗಾಗಿ ಪ್ಲಗ್ಗನ್ನು ಬೋರ್ಡಿನಿಂದ ಬಿಡಿಸಿ ಇನ್ನೊಮ್ಮೆ ಅಳೆಯಿರಿ.

ಬಂದರೆ ಮುಂದಿನ ಪರೀಕ್ಷೆ. ಗೋಡೆಯ ಸ್ವಿಚ್ಚು ಆರಿಸಿ, ಡಬ್ಬಿಯ ಎಲ್ಲ ಪ್ಲಗ್ಗುಗಳನ್ನು ಬಿಡಿಸಿರಿ. ಭಾರಕ್ಕಾಗಿ ಒಂದು ಹಳೆಯ ಸಿಡಿ ಡ್ರೈವು ಮಾತ್ರ ಉಳಿಯಲಿ. ಅಗಲ ಪ್ಲಗ್ಗಿನಲ್ಲಿ ಹಸಿರು ವಾಯರು ಒಂದೇ ಒಂದು. ಕಾಗದಕ್ಕೆ ಹಾಕುವ ಕ್ಲಿಪ್ಪನ್ನು ನೆಟ್ಟಗೆ ಮಾಡಿ ಬಗ್ಗಿಸಿ, ಹಸಿರಿನ ತೂತಿಗೂ ಪಕ್ಕದ ಕಪ್ಪಿನ ತೂತಿಗೂ ಸೇರಿಸಿರಿ. ಗುಂಡಿ ಒತ್ತಿದಾಗ ಬೋರ್ಡು ಮಾಡುವ ಕೆಲಸವೇ ಇದು. ಈಗ ಸ್ವಿಚ್ಚು ಹಾಕಿದರೆ ಡಬ್ಬಿಯ ಫ್ಯಾನು ತಿರುಗಬೇಕು. ಹಳದಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ 3.14ರಿಂದ 3.47 ವೋಲ್ಟು ತೋರಿಸಬೇಕು. ಬೂದು ವಾಯರಿನಲ್ಲಿ ಸುಮಾರು 5 ವೋಲ್ಟು ಬಂದರೆ, "ನಾನು ಸರಿಯಿದ್ದೇನೆ" ಎಂದು ಡಬ್ಬಿಯೇ ಬೋರ್ಡಿಗೆ ಹೇಳಿದಂತೆ. ವಾಯರುಗಳೆಲ್ಲ ಒಂದೇ ಬಣ್ಣದವಾಗಿದ್ದರೆ, ಅಥವಾ ಕಂಪನಿಯ ಯಂತ್ರದಲ್ಲಿ ಪ್ಲಗ್ಗು ಬೇರೆ ಆಕಾರದ್ದಾಗಿದ್ದರೆ, ಈ ಕ್ಲಿಪ್ಪಿನ ಪರೀಕ್ಷೆಗೆ ಕೈಹಾಕಬೇಡಿರಿ.

ಅಳತೆ ಸರಿ ಬಂದಿತೆಂದು ಡಬ್ಬಿಗೆ ಪೂರ್ಣ ಗುಣ ಕೊಡಲಾಗದು. ಖಾಲಿ ಚಕ್ಕಡಿ ಎಳೆದ ಎತ್ತು ಕಬ್ಬಿನ ಹೇರು ಎಳೆಯಲಾರದೆ ಮಲಗಬಹುದು. ಕಂಪ್ಯೂಟರು ಎದ್ದು, ಕೆಲಸ ಹೆಚ್ಚಾದಾಗ ತಟ್ಟನೆ ಆರುತ್ತಿದ್ದರೆ, ಎಲ್ಲ ಪ್ಲಗ್ಗು ಮೊದಲಿನಂತೆ ಹಚ್ಚಿ, ಯಂತ್ರ ನಡೆಯುತ್ತಿರುವಾಗಲೇ ಹಳದಿ ವಾಯರನ್ನು ಅಳೆಯಿರಿ. 11.4ಕ್ಕಿಂತ ಇಳಿದರೆ ಡಬ್ಬಿ ಬದಲಿಸತಕ್ಕದ್ದೇ. ಶಾಲೆಯಲ್ಲಿಯೋ ಪಂಚಾಯತಿಯಲ್ಲಿಯೋ ಅಂಥದೇ ಒಳ್ಳೆಯ ಡಬ್ಬಿಯಿದ್ದರೆ ಒಂದು ತಾಸಿನ ಮಟ್ಟಿಗೆ ತಂದು ಹಚ್ಚಿ ನೋಡುವುದು ಎಲ್ಲಕ್ಕಿಂತ ನಂಬಿಗೆಯ ಪರೀಕ್ಷೆ. ಅದರಿಂದಲೂ ಏಳದಿದ್ದರೆ ದೋಷ ಬೋರ್ಡು, ರ‍್ಯಾಮು ಇಲ್ಲವೆ ಗುಂಡಿಯ ವಾಯರಿನಲ್ಲಿದೆ. ರ‍್ಯಾಮನ್ನು ಬಿಡಿಸಿ ಒರಸಿ ಕೂಡಿಸಿದರೇ ಎಷ್ಟೋ ಯಂತ್ರಗಳು ಏಳುತ್ತವೆ.

ತಗಡು ಮುಟ್ಟಿದಾಗ ಕೈ ಜುಮ್ಮೆನ್ನುತ್ತಿದ್ದರೆ ಬಹುಶಃ ಅರ್ಥಿಂಗ್ ಇಲ್ಲ. ಲೈನ್‌ಮನ್ನರನ್ನು ಕರೆದು ತೋರಿಸಿರಿ. ಅರ್ಥಿಂಗಿನ ಕುಣಿಗೆ ಬೇಸಿಗೆಯಲ್ಲಿ ನೀರು ಹಾಕಬೇಕು. ರೋಹಿಣಿ ಮಳೆಯ ಗುಡುಗು ಕೇಳಿದೊಡನೆ ಕರೆಂಟಿನ ಪ್ಲಗ್ಗಿನ ಜೊತೆಗೆ ಇಂಟರ್ನೆಟ್ಟಿನ ವಾಯರನ್ನೂ ಕೀಳಬೇಕು. ಸಿಡಿಲು ಅದರಿಂದಲೂ ಒಳಬರುತ್ತದೆ. ಹೊಸ ಡಬ್ಬಿ ಕೊಳ್ಳುವಾಗ ಹಳೆಯದನ್ನು ಜೊತೆಗೆ ಒಯ್ದು ಪ್ಲಗ್ಗುಗಳನ್ನು ಹೋಲಿಸಿರಿ, ಗ್ಯಾರಂಟಿಯ ಅವಧಿ ಬರೆದ ಪಾವತಿ ಪಡೆಯಿರಿ. ಪಾವತಿಯನ್ನು ಸಂಘದ ಫೈಲಿಗೆ ಹಚ್ಚಿಡಿರಿ.