ಐದನೆಯ ಸೆಮಿಸ್ಟರಿನ ಲೆಕ್ಕ

ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಭೌತಶಾಸ್ತ್ರದ ಸ್ನಾತಕೋತ್ತರ ವ್ಯಾಸಂಗಕ್ಕೆ ಬೋಧನಾ ಶುಲ್ಕವಿಲ್ಲ ಎಂಬ ಮಾತು ಬಹುಮಟ್ಟಿಗೆ ನಿಜವಾದರೂ, ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯವು 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೊ ಪಡೆಯುತ್ತಿರುವುದರಿಂದ, ಹೈಡೆಲ್‌ಬರ್ಗಿಗೆ ಹೋಗುವವರ ಲೆಕ್ಕವೂ ಗೋಟಿಂಗೆನ್ನಿಗೆ ಹೋಗುವವರ ಲೆಕ್ಕವೂ ಒಂದೇ ಆಗುವುದಿಲ್ಲ. ಶುಲ್ಕದ ಚರ್ಚೆಯಲ್ಲೇ ಮುಳುಗುವ ಕುಟುಂಬಗಳು ವ್ಯಾಸಂಗ ಎಷ್ಟು ಕಾಲ ಹಿಡಿದೀತು ಎಂಬುದನ್ನು ಎಣಿಸುವುದಿಲ್ಲ; ಈ ಲೇಖಕನ ಮನೆಯವರೂ ಎಣಿಸಿರಲಿಲ್ಲ.

ವೀಸಾ ಪಡೆಯಲು ಸಾಮಾನ್ಯವಾಗಿ ಒಂದು ವರ್ಷದ ಜೀವನವೆಚ್ಚವನ್ನು, ಅಂದರೆ 2024ರ ಸೆಪ್ಟೆಂಬರಿನಲ್ಲಿ ನಿಗದಿಯಾದ ದರದಂತೆ 11,904 ಯೂರೊಗಳನ್ನು, ‘ಬ್ಲಾಕ್ಡ್ ಅಕೌಂಟ್’ನಲ್ಲಿ ಮೊದಲೇ ಇಡಬೇಕಾಗುತ್ತದೆ, ಇದು ವಿದ್ಯಾರ್ಥಿಯ ಸ್ವಂತ ಹಣವೇ ಆದರೂ ತಿಂಗಳಿಗೆ 992 ಯೂರೊ ಮಾತ್ರ ಕೈಗೆ ಬರುವ ಖಾತೆ. ಆ ಮೊತ್ತ ಸಾಲದಿಂದ ಬಂದಿದ್ದರೆ ಬ್ಯಾಂಕು ಇಡೀ ಮೊತ್ತಕ್ಕೆ ಮೊದಲ ದಿನದಿಂದಲೇ ಬಡ್ಡಿ ಹಾಕುತ್ತದೆ. ಲೆಕ್ಕದ ಅನುಕೂಲಕ್ಕೆ ಯೂರೊಗೆ 100 ರೂಪಾಯಿ, ಬಡ್ಡಿ ಶೇ 10 ಎಂದು ಹಿಡಿದರೆ, ಇನ್ನೂ ಕೈಸೇರದೆ ಖಾತೆಯಲ್ಲೇ ಕುಳಿತ ಹಣದ ಮೇಲಿನ ಬಡ್ಡಿಯೇ ಆ ವರ್ಷ ಸುಮಾರು 55 ಸಾವಿರ ರೂಪಾಯಿಯಾಗುತ್ತದೆ. ವ್ಯಾಸಂಗ ಮುಗಿಯುವವರೆಗೆ ಕಂತು ಕಟ್ಟದಿರಲು ಅವಕಾಶ ಕೊಡುವ ಮೊರಟೋರಿಯಂ ಅವಧಿಯಲ್ಲೂ ಈ ಬಡ್ಡಿ ಸೇರುತ್ತಲೇ ಹೋಗುತ್ತದೆಂಬುದು ಲೇಖಕನಿಗೆ ಮನವರಿಕೆಯಾದದ್ದು ಎರಡನೆಯ ವರ್ಷ ಸಾಲದ ಸ್ಟೇಟ್‌ಮೆಂಟ್ ಬಂದಾಗ.

ನಾಲ್ಕು ಸೆಮಿಸ್ಟರುಗಳ ಈ ವ್ಯಾಸಂಗದಲ್ಲಿ ಸಾಮಾನ್ಯವಾಗಿ ಮೊದಲ ವರ್ಷ ತರಗತಿಗಳಿಗೂ ಎರಡನೆಯ ವರ್ಷ ಸಂಶೋಧನೆ ಮತ್ತು ಪ್ರಬಂಧಕ್ಕೂ ಮೀಸಲಾಗಿದ್ದು, ಪ್ರಯೋಗ ಯಾವಾಗ ಮುಗಿಯುವುದೆಂಬುದು ವಿದ್ಯಾರ್ಥಿಯ ಕೈಯಲ್ಲಿರುವುದಿಲ್ಲ: ವಸ್ತುವನ್ನು ಅತಿಶೀತದಲ್ಲಿಡುವ ಕ್ರಯೊಸ್ಟಾಟ್ ಕೆಟ್ಟರೆ ವಾರಗಟ್ಟಲೆ ಕಾಯಬೇಕು, ಮನೆಬಾಡಿಗೆಯಂತೂ ಕಾಯುವುದಿಲ್ಲ. ಮೊದಲ ವರ್ಷವೇ ಒಂದು ಪರೀಕ್ಷೆ ಹಿಂದುಳಿದರೆ ಇದರ ಹೊಡೆತ ಇಮ್ಮಡಿ. ಈ ಲೇಖಕನು ಹೋಟೆಲಿನ ಅಡುಗೆಮನೆಯಲ್ಲಿ ಸಂಜೆಗೆಲಸ ಹಿಡಿದು, ಕ್ವಾಂಟಮ್ ಕ್ಷೇತ್ರ ಸಿದ್ಧಾಂತದ ಪರೀಕ್ಷೆಯಲ್ಲಿ ಅನುತ್ತೀರ್ಣನಾಗಿ, ಕಡೆಗೆ ಐದನೆಯ ಸೆಮಿಸ್ಟರನ್ನು ಕಂಡವನು. ಇಂದಿನ ದರದಲ್ಲಿ ಆರು ತಿಂಗಳ ಜೀವನವೆಚ್ಚವನ್ನು 992ರಂತೆ ಹಿಡಿದರೂ 5,952 ಯೂರೊ. ‘ಮಿನಿಜಾಬ್’ ಎಂಬ ಅಲ್ಪ ಸಂಪಾದನೆಯ ಕೆಲಸದ ತಿಂಗಳ ಮಿತಿ 2025ರಲ್ಲಿ 556 ಯೂರೊ ಇದ್ದುದರಿಂದ, ಆರು ತಿಂಗಳು ಪಾತ್ರೆ ತೊಳೆದು ಗಳಿಸಬಹುದಾದದ್ದು 3,336 ಯೂರೊ ಮಾತ್ರ. ವಿಭಾಗದಲ್ಲೇ ಕಿರಿಯರ ಲೆಕ್ಕದ ಹಾಳೆ ತಿದ್ದುವ ‘ಹೀವಿ’ ಕೆಲಸ, ಅಂದರೆ ವಿದ್ಯಾರ್ಥಿ ಸಹಾಯಕನ ಹುದ್ದೆ, ವಿದೇಶಿ ವಿದ್ಯಾರ್ಥಿಗಳಿಗೆ ವರ್ಷಕ್ಕೆ 140 ಪೂರ್ಣ ದಿನಗಳೆಂದು ವಿಧಿಸಿರುವ ದುಡಿಮೆಯ ಮಿತಿಗೆ ಒಳಪಡದು, ವಿಷಯವನ್ನೂ ಮರೆಯಗೊಡದು. ಅದನ್ನು ಲೇಖಕನು ಕೇಳಿ ಪಡೆದದ್ದು ಮೂರನೆಯ ಸೆಮಿಸ್ಟರಿನಲ್ಲಿ, ತಡವಾಗಿ.

ಮಂಜೂರಾದ ಸಾಲ ನಾಲ್ಕು ಸೆಮಿಸ್ಟರುಗಳಿಗಷ್ಟೇ ಆಗಿದ್ದು, ವಾಸದ ಪರವಾನಗಿಯ ನವೀಕರಣಕ್ಕೆ ಹಣದ ಪುರಾವೆಯನ್ನು ಮತ್ತೆ ತೋರಿಸಬೇಕಿದ್ದುದರಿಂದ, ಮನೆಯಲ್ಲಿ ತಂಗಿಯ ಮದುವೆಗೆಂದು ಇಟ್ಟಿದ್ದ ನಿಶ್ಚಿತ ಠೇವಣಿಯನ್ನು ಅವಧಿಗೆ ಏಳು ತಿಂಗಳು ಮುಂಚೆ ಮುರಿಸಲಾಯಿತು.