ಒಂದೇ ತಾಯಿಯ ಮರಿಗಳಲ್ಲಿ ಬದುಕುವ ಮರಿ ಯಾವುದು? ಮೀನು ಸಾಕಣೆಯಲ್ಲಿ ಜೀನೋಮಿಕ್ಸ್

ಹಸುವಿಗೆ ಕಾಯಿಲೆ ಬಂದರೆ ಹಿಡಿದು ಕಟ್ಟಿ ಔಷಧ ಕುಡಿಸಬಹುದು. ತೊಟ್ಟಿಯಲ್ಲಿರುವ ಲಕ್ಷಾಂತರ ಮೀನುಮರಿಗಳಿಗೆ ಏನು ಮಾಡೋದು? ಬಂದಿರುವುದು ವೈರಸ್ ಆದರೆ ಆ್ಯಂಟಿಬಯಾಟಿಕ್‌ನಿಂದ ಪ್ರಯೋಜನವಿಲ್ಲ. ಈಗಷ್ಟೇ ತಿನ್ನಲು ಕಲಿಯುತ್ತಿರುವ ಪುಟ್ಟ ಮರಿಗೆ ಚುಚ್ಚುಮದ್ದು ಕೊಡುವುದೂ ಆಗದ ಮಾತು. ಉಳಿಯುವ ಒಂದು ದಾರಿ, ರೋಗ ತಡೆದುಕೊಳ್ಳುವ ಮರಿಗಳೇ ಹುಟ್ಟುವಂತೆ ನೋಡಿಕೊಳ್ಳುವುದು.

ನಾರ್ವೆ ಮತ್ತು ಸ್ಕಾಟ್ಲೆಂಡ್‌ನ ಸಾಲ್ಮನ್ ಮೀನಿನಲ್ಲಿ ಇದು ನಿಜವಾಗಿಯೂ ನಡೆದಿದೆ. ಪಿಯುಸಿಯಲ್ಲೇ ಬಯಾಲಜಿಗೆ ಕೈಮುಗಿದು ಬಂದವರೂ ಧೈರ್ಯವಾಗಿ ಓದಿ. ಇದರಲ್ಲಿ ಅರ್ಧ ಭಾಗ ನಮ್ಮದೇ ಸ್ಟ್ಯಾಟಿಸ್ಟಿಕ್ಸ್.

ರೋಗ ಮತ್ತು ಹಳೆಯ ವಿಧಾನ

ರೋಗದ ಹೆಸರು ಇನ್‌ಫೆಕ್ಷಸ್ ಪ್ಯಾಂಕ್ರಿಯಾಟಿಕ್ ನೆಕ್ರೋಸಿಸ್, ಚಿಕ್ಕದಾಗಿ ಐಪಿಎನ್. ಈ ವೈರಸ್ ಮೇದೋಜೀರಕ ಗ್ರಂಥಿಯನ್ನು ಹಾಳು ಮಾಡುತ್ತದೆ. ಮರಿಗಳು ಆಹಾರ ತಿನ್ನಲು ಶುರು ಮಾಡುವಾಗ ಒಮ್ಮೆ, ಸಿಹಿನೀರಿನಿಂದ ಸಮುದ್ರಕ್ಕೆ ಸಾಗಿಸಿದ ಕೆಲವೇ ವಾರಗಳಲ್ಲಿ ಇನ್ನೊಮ್ಮೆ ಹೆಚ್ಚಾಗಿ ಕಾಡುತ್ತದೆ. ಬದುಕುಳಿದ ಮೀನಿನ ಮೈಯಲ್ಲಿ ವೈರಸ್ ಹಾಗೇ ಉಳಿದುಬಿಡಬಹುದು.

ನಾರ್ವೆಯಲ್ಲಿ ಸಾಲ್ಮನ್ ತಳಿ ಅಭಿವೃದ್ಧಿ 1970ರ ದಶಕದಲ್ಲೇ ಶುರುವಾಯಿತು. ಹಲವು ನದಿಗಳ ಮೀನುಗಳನ್ನು ತಂದು, ಗಂಡು ಹೆಣ್ಣು ಜೋಡಿ ಮಾಡಿ, ನೂರಾರು ಕುಟುಂಬಗಳನ್ನು ಬೆಳೆಸಿದರು. ಒಂದು ಹೆಣ್ಣು ಸಾಲ್ಮನ್ ಸಾವಿರಾರು ಮೊಟ್ಟೆ ಇಡುತ್ತೆ, ಹಾಗಾಗಿ ಒಂದೊಂದು ಕುಟುಂಬವೂ ದೊಡ್ಡದು.

ರೋಗ ನಿರೋಧಕ ಶಕ್ತಿ ಅಳೆಯಲು ಪ್ರತಿ ಕುಟುಂಬದಿಂದ ಒಂದಿಷ್ಟು ಮರಿಗಳನ್ನು ಪರೀಕ್ಷಾ ತೊಟ್ಟಿಗೆ ಹಾಕಿ, ಬೇಕೆಂದೇ ವೈರಸ್ ಬಿಡುತ್ತಾರೆ. ಎಷ್ಟು ಸತ್ತವು, ಎಷ್ಟು ಉಳಿದವು ಅಂತ ಲೆಕ್ಕ ಇಡುತ್ತಾರೆ. ಉಳಿದವುಗಳನ್ನೇ ತಳಿಗೆ ಇಟ್ಟುಕೊಳ್ಳಬಹುದಲ್ಲ ಅನ್ನಿಸಬಹುದು. ಆಗಲ್ಲ, ಅವು ವೈರಸ್ ಹೊತ್ತಿರಬಹುದು. ಆದ್ದರಿಂದ ಪರೀಕ್ಷೆಗೆ ಹೋಗದೆ ಬೇರೆ ಕಡೆ ಸುರಕ್ಷಿತವಾಗಿರುವ ಅವುಗಳ ಅಣ್ಣತಮ್ಮ, ಅಕ್ಕತಂಗಿಯರನ್ನು ಆರಿಸಬೇಕು.

ತೊಡಕು ಇರುವುದು ಇಲ್ಲೇ. ಈ ವಿಧಾನದಲ್ಲಿ ನಮಗೆ ಸಿಗುವುದು ಕುಟುಂಬದ ಸರಾಸರಿ ಮಾತ್ರ. ಒಂದೇ ಮನೆಯ ಮಕ್ಕಳೆಲ್ಲ ಒಂದೇ ಥರ ಇರ್ತಾರಾ? ಒಂದೇ ತಂದೆ ತಾಯಿಯ ಮಕ್ಕಳ ನಡುವೆ ಆನುವಂಶಿಕ ವ್ಯತ್ಯಾಸದ ಸುಮಾರು ಅರ್ಧ ಭಾಗ ಉಳಿದೇ ಇರುತ್ತದೆ. ಆ ಅರ್ಧ ಸರಾಸರಿಯಲ್ಲಿ ಕಾಣುವುದೇ ಇಲ್ಲ.

ಡಿಎನ್‌ಎ ಏನು ತೋರಿಸಿತು?

ಸಾಲ್ಮನ್ ಮೀನಿನಲ್ಲಿ ಒಂದೊಂದು ವರ್ಣತಂತುವಿನ ಎರಡು ಪ್ರತಿಗಳಿವೆ. ಮರಿಗೆ ಹೋಗುವುದು ತಾಯಿಯಿಂದ ಒಂದು, ತಂದೆಯಿಂದ ಒಂದು. ಯಾವುದು ಹೋಗುತ್ತೆ ಅನ್ನೋದು ನಾಣ್ಯ ಚಿಮ್ಮಿದ ಹಾಗೆ. ಈಗ ಸತ್ತ ಮರಿಗಳನ್ನು ಒಂದು ಗುಂಪು, ಬದುಕಿದ ಮರಿಗಳನ್ನು ಇನ್ನೊಂದು ಗುಂಪು ಮಾಡಿ. ಡಿಎನ್‌ಎಯ ಒಂದು ಜಾಗಕ್ಕೂ ರೋಗಕ್ಕೂ ಸಂಬಂಧ ಇಲ್ಲದಿದ್ದರೆ ಎರಡೂ ಗುಂಪಿನಲ್ಲಿ ಆ ಜಾಗದ ಹಂಚಿಕೆ ಸುಮಾರು 50:50 ಇರಬೇಕು. ಎಲ್ಲಿ ಇದು ಜೋರಾಗಿ ವಾಲಿದೆಯೋ ಅಲ್ಲಿ ಏನೋ ಇದೆ. ನಾವು ಓದುವ ಹೈಪಾಥಿಸಿಸ್ ಟೆಸ್ಟ್ ಇದೇ.

2008-09ರಲ್ಲಿ ಸ್ಕಾಟ್ಲೆಂಡ್ ಮತ್ತು ನಾರ್ವೆಯ ತಂಡಗಳು ಬೇರೆ ಬೇರೆಯಾಗಿ ಹುಡುಕಿ ಒಂದೇ ಜಾಗಕ್ಕೆ ಬಂದವು, 26ನೇ ವರ್ಣತಂತು. ಐಪಿಎನ್ ತಡೆಯುವ ಶಕ್ತಿಯಲ್ಲಿ ಕಾಣುವ ಆನುವಂಶಿಕ ವ್ಯತ್ಯಾಸದ ಬಹುಪಾಲನ್ನು ಈ ಒಂದೇ ಜಾಗ ವಿವರಿಸುತ್ತಿತ್ತು. ಇಷ್ಟು ದೊಡ್ಡ ಪರಿಣಾಮ ಒಂದೇ ಕಡೆ ಸಿಗುವುದು ಬಹಳ ಅಪರೂಪ.

ಇದರಿಂದ ಕೆಲಸ ಸುಲಭವಾಯಿತು. ತಳಿಗೆಂದು ಇಟ್ಟ ಮೀನಿನ ರೆಕ್ಕೆಯ ಚೂರು ಕತ್ತರಿಸಿ ಡಿಎನ್‌ಎ ನೋಡಿದರೆ ಸಾಕು, ಅಣ್ಣತಮ್ಮಂದಿರಲ್ಲೂ ಯಾರು ಗಟ್ಟಿ ಅಂತ ಗೊತ್ತಾಗುತ್ತೆ. ನಾರ್ವೆಯ ಅಕ್ವಾಜೆನ್ ಕಂಪನಿ 2009ರಿಂದ ಹೀಗೆ ಆರಿಸಿದ ಮೀನುಗಳ ಮೊಟ್ಟೆ ಮಾರತೊಡಗಿತು. ಆ ವರ್ಷ ನಾರ್ವೆಯಲ್ಲಿ ಐಪಿಎನ್ 200ಕ್ಕೂ ಹೆಚ್ಚು ಕಡೆ ಕಾಣಿಸಿಕೊಂಡಿತ್ತು. 2015ರ ಹೊತ್ತಿಗೆ ಅದು ಸುಮಾರು 30ಕ್ಕೆ ಇಳಿಯಿತು. ಹ್ಯಾಚರಿಗಳಲ್ಲಿ ಬೇರೂರಿದ್ದ ವೈರಸ್ ತೊಲಗಿಸಿದ್ದಕ್ಕೂ ಇದರಲ್ಲಿ ಪಾಲಿದೆ, ಪೂರ್ತಿ ಶ್ರೇಯಸ್ಸು ಡಿಎನ್‌ಎಗೆ ಮಾತ್ರ ಅಲ್ಲ.

ಗಮನಿಸಿ, ಮೊಟ್ಟೆ ಮಾರಾಟ ಶುರುವಾದಾಗ ಆ ಜಾಗದಲ್ಲಿ ಕೆಲಸ ಮಾಡುವ ಜೀನ್ ಯಾವುದು ಅಂತ ಗೊತ್ತೇ ಇರಲಿಲ್ಲ! 2015ರಲ್ಲಿ ನಾರ್ವೆಯ ತಂಡ ಕ್ಯಾಡ್ಹೆರಿನ್ ಎಂಬ ಪ್ರೋಟೀನಿನ ಜೀನ್ ಕಡೆ ಬೆರಳು ತೋರಿಸಿತು. 2021ರಲ್ಲಿ ಸ್ಕಾಟ್ಲೆಂಡ್‌ನ ರೋಸ್ಲಿನ್ ಇನ್‌ಸ್ಟಿಟ್ಯೂಟ್‌ನವರು ಅದೇ ಜಾಗದ ಇನ್ನೊಂದು ಜೀನನ್ನು ಕ್ರಿಸ್ಪರ್‌ನಿಂದ ನಿಲ್ಲಿಸಿ, ಸಾಲ್ಮನ್ ಜೀವಕೋಶಗಳಲ್ಲಿ ವೈರಸ್ ಬೆಳವಣಿಗೆ ಕುಗ್ಗುವುದನ್ನು ತೋರಿಸಿದರು. ಆರಿಸಲು ನಂಬಿಕಸ್ಥ ಗುರುತು ಸಾಕು, ಕಾರಣ ಆಮೇಲೆ ಸಿಕ್ಕರೂ ನಡೆಯುತ್ತೆ.

ಒಂದೇ ಸ್ವಿಚ್ ಇಲ್ಲದಿದ್ದರೆ?

ಸಾಲ್ಮನ್‌ಗೆ ಅಂಟಿಕೊಳ್ಳುವ ಸಮುದ್ರ ಹೇನಿನಂಥ ಪಿಡುಗುಗಳಲ್ಲಿ ಇಷ್ಟು ಅದೃಷ್ಟವಿಲ್ಲ. ಅಲ್ಲಿ ನೂರಾರು ಜೀನ್‌ಗಳು ಚೂರು ಚೂರು ಕೊಡುಗೆ ನೀಡುತ್ತವೆ. ಇದಕ್ಕೆ ಮಾಯ್ವಿಸೆನ್, ಹೇಯ್ಸ್, ಗೊಡಾರ್ಡ್ 2001ರಲ್ಲಿ ಮುಂದಿಟ್ಟ ಜೀನೋಮಿಕ್ ಸೆಲೆಕ್ಷನ್ ಬೇಕು. ಸೂತ್ರ ಇಷ್ಟೇ:

ಫಲಿತಾಂಶ = ಸರಾಸರಿ + (ಮಾರ್ಕರ್ 1 × ತೂಕ 1) + (ಮಾರ್ಕರ್ 2 × ತೂಕ 2) + … + ದೋಷ

ಮಾರ್ಕರ್‌ನ ಬೆಲೆ 0, 1 ಅಥವಾ 2, ಅಂದರೆ ಆ ರೂಪದ ಎಷ್ಟು ಪ್ರತಿ ಇದೆ ಅನ್ನೋದು. ಮೀನು ಕೆಲವು ಸಾವಿರ, ಮಾರ್ಕರ್ ಹತ್ತಾರು ಸಾವಿರ. ಸಮೀಕರಣಗಳಿಗಿಂತ ಅಜ್ಞಾತಗಳೇ ಹೆಚ್ಚು, ಸಾಮಾನ್ಯ ಲೀಸ್ಟ್ ಸ್ಕ್ವೇರ್ಸ್ ಕೈಕೊಡುತ್ತೆ. ಆಗ ತೂಕಗಳನ್ನು ಸೊನ್ನೆಯ ಕಡೆಗೆ ಎಳೆದು ಹಿಡಿಯಬೇಕು. ಮೆಷಿನ್ ಲರ್ನಿಂಗ್ ಕ್ಲಾಸಿನ ರಿಡ್ಜ್ ರಿಗ್ರೆಷನ್ ನೆನಪಾಯಿತಾ? ಅದೇ ಇದು.

ನಮ್ಮ ರೋಹು

ನಮ್ಮ ಕೆರೆಗಳಲ್ಲಿ ಕಾಟ್ಲಾ ಜೊತೆ ಬಿಡುವ ರೋಹು ಮೀನಿನ ಕಥೆಗೂ ನಾರ್ವೆಯ ನಂಟಿದೆ. ಭುವನೇಶ್ವರದ ಸಿಹಿನೀರು ಮೀನು ಸಂಶೋಧನಾ ಸಂಸ್ಥೆ, ಅಂದರೆ ಸಿಫಾ, 1992ರಲ್ಲಿ ನಾರ್ವೆಯ ತಜ್ಞರ ಜೊತೆ ಸೇರಿ ರೋಹು ತಳಿ ಸುಧಾರಣೆ ಶುರು ಮಾಡಿತು. 1997ರಲ್ಲಿ ಬಂದ ‘ಜಯಂತಿ ರೋಹು’ ಬೇಗ ಬೆಳೆಯುವ ತಳಿ. ಮುಂದೆ ಏರೋಮೋನಾಸ್ ಎಂಬ ಬ್ಯಾಕ್ಟೀರಿಯಾ ತಡೆಯುವ ಕುಟುಂಬಗಳನ್ನೂ ಹುಡುಕಿ, ಅವುಗಳ ಮಾರ್ಕರ್‌ಗಳ ಅಧ್ಯಯನ ನಡೆಯಿತು. ಕೊಳದ ರೈತರಿಗೆ ಇದರ ಅರ್ಥ, ಔಷಧದ ಖರ್ಚು ಕಡಿಮೆ, ನೀರಿಗೆ ಸೇರುವ ಆ್ಯಂಟಿಬಯಾಟಿಕ್ ಕೂಡ ಕಡಿಮೆ.

ಆದರೆ ಇಲ್ಲಿಗೆ ಮುಗಿಯಲ್ಲ, ವೈರಸ್ಸೂ ಬದಲಾಗುತ್ತೆ. ಗಟ್ಟಿ ಎನಿಸಿದ್ದ ಸಾಲ್ಮನ್‌ಗೂ ಐಪಿಎನ್ ತರಬಲ್ಲ ಹೊಸ ರೂಪ ನಾರ್ವೆಯಲ್ಲೇ ಕಾಣಿಸಿಕೊಂಡಿದೆ. ಎಲ್ಲ ಮೀನುಗಳೂ ಒಂದೇ ಬೀಗ ಹಾಕಿಕೊಂಡಿದ್ದರೆ, ಕಳ್ಳನಿಗೆ ಒಂದೇ ಕೀಲಿ ಸಾಕು. ಹಾಗಾಗಿ ತಳಿಯಲ್ಲಿ ವೈವಿಧ್ಯ ಉಳಿಸಿಕೊಳ್ಳಬೇಕು, ಹ್ಯಾಚರಿಯ ಸ್ವಚ್ಛತೆಯನ್ನೂ ಬಿಡಬಾರದು.

ಮಾಡಿ ನೋಡಿ: ಪೈಥಾನ್‌ನಲ್ಲಿ 200 ಮೀನು, 1,000 ಮಾರ್ಕರ್‌ಗಳ 0-1-2 ಮ್ಯಾಟ್ರಿಕ್ಸ್ ಮಾಡಿ. ಮೊದಲು ಒಂದೇ ಮಾರ್ಕರ್‌ಗೆ ದೊಡ್ಡ ತೂಕ ಕೊಡಿ, ಆಮೇಲೆ 100 ಮಾರ್ಕರ್‌ಗಳಿಗೆ ಸಣ್ಣ ಸಣ್ಣ ತೂಕ ಹಂಚಿ. 50 ಮೀನುಗಳನ್ನು ಪರೀಕ್ಷೆಗೆ ಎತ್ತಿಟ್ಟು, ಒಂದೊಂದೇ ಮಾರ್ಕರ್ ನೋಡುವ ವಿಧಾನ ಎಲ್ಲಿ ಗೆಲ್ಲುತ್ತೆ, ರಿಡ್ಜ್ ಎಲ್ಲಿ ಗೆಲ್ಲುತ್ತೆ ಅಂತ ಹೋಲಿಸಿ. ಐಪಿಎನ್‌ಗೂ ಸಮುದ್ರ ಹೇನಿಗೂ ಇರುವ ವ್ಯತ್ಯಾಸ ಸ್ಕ್ರೀನ್ ಮೇಲೇ ಕಾಣುತ್ತೆ.