ಮಡಿಲಲ್ಲಿ ಹಿಡಿಸದ ಬಟ್ಟೆ

ಯಳಂದೂರಿನ ಬಳೆಮಂಟಪವನ್ನು ಕ್ರಾಸ್ ಸ್ಟಿಚ್ಚಿನಲ್ಲಿ ಹೊಲಿದು ಗೋಡೆಗೆ ಹಾಕುತ್ತೀಯಂತೆ, ಬಹಳ ಸಂತೋಷವಾಯಿತು ಕೂಸೇ. ಗೌರೀಶ್ವರನ ಗುಡಿಯ ಆ ಹೆಬ್ಬಾಗಿಲಲ್ಲಿ ಒಂದಕ್ಕೊಂದು ಸಿಕ್ಕಿಕೊಂಡು ಇಳಿಬಿದ್ದಿರುವ ಕಲ್ಲಿನ ಬಳೆಗಳನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಅದನ್ನೇ ಆರಿಸಿಕೊಂಡೆಯಲ್ಲ, ಅಲ್ಲೇ ನಿನ್ನ ಕಣ್ಣು ಎಂಥದ್ದೆಂದು ಗೊತ್ತಾಯಿತು. ನೀನು ಕಳಿಸಿದ ನಕ್ಷೆ ನೋಡಿದೆ. ಅಡ್ಡಕ್ಕೆ 420 ಚೌಕ, ಉದ್ದಕ್ಕೆ 588. ಗುಣಿಸಿದರೆ 2,46,960 ಹೊಲಿಗೆ. ದಿನಕ್ಕೆ 200 ಹಾಕಿದರೂ ಮೂರು ವರ್ಷ ದಾಟುತ್ತದೆ. ಯಾವ ಬಣ್ಣದ ದಾರ ಎಷ್ಟು ಲಡಿ ಬೇಕು ಎಂಬುದನ್ನೆಲ್ಲ ಬರೆದಿದ್ದೀಯ. ಬಟ್ಟೆಯ ಬಗ್ಗೆ ಮಾತ್ರ ಒಂದು ಸಾಲೂ ಇಲ್ಲ. ಇಷ್ಟು ದೊಡ್ಡ ಕೆಲಸ ಸೂಜಿ ಆಡುವ ಜಾಗದಲ್ಲಿ ಕೆಡುವುದು ಕಡಿಮೆ ಕಣವ್ವ. ಸೂಜಿ ಇಲ್ಲದ ಕಡೆ, ಮಡಿಲಿನಿಂದ ಜಾರಿ ಪಕ್ಕಕ್ಕೆ ಬಿದ್ದಿರುತ್ತದಲ್ಲ ಉಳಿದ ಬಟ್ಟೆ, ಅಲ್ಲಿ ಕೆಡುತ್ತದೆ.

ಮೊದಲು ಅಳತೆ. ಅಂಗಡಿಯಲ್ಲಿ ಮ್ಯಾಟಿ ಬಟ್ಟೆ ಎಂದು ಕೇಳಿ ತಂದರೆ ಸಾಲದು, ಇಂಚಿಗೆ ಎಷ್ಟು ಚೌಕ ಎಂದು ಸ್ಕೇಲಿಟ್ಟು ಎಣಿಸಬೇಕು. ಇಂಚಿಗೆ 14 ಚೌಕವಿದ್ದರೆ ನಿನ್ನ ಚಿತ್ರ 30 ಇಂಚು ಅಗಲ, 42 ಇಂಚು ಉದ್ದ. 11 ಚೌಕದ ದಪ್ಪ ಬಟ್ಟೆಯಾದರೆ ಅದೇ ಚಿತ್ರ 38 ಇಂಚು ಅಗಲ, ಹೆಚ್ಚುಕಡಿಮೆ 53 ಇಂಚು ಉದ್ದಕ್ಕೆ ಹೋಗುತ್ತದೆ. ಅದನ್ನು ಹಾಕುವಷ್ಟು ಗೋಡೆ ನಿಮ್ಮ ಮನೆಯಲ್ಲಿ ಇದೆಯೋ ಇಲ್ಲವೋ ಯೋಚಿಸು. ನನ್ನ ಮಾತು ಕೇಳಿದರೆ 14ರದ್ದೇ ಸರಿ. ಅದರಲ್ಲೂ ಹಾಸಿನ ಕಡೆ ಒಂದು ಸಲ, ಹೊಕ್ಕಿನ ಕಡೆ ಒಂದು ಸಲ, ಹತ್ತು ಹತ್ತು ಇಂಚು ಅಳೆದು ಎಣಿಸು. ಅಗ್ಗದ ಬಟ್ಟೆಯಲ್ಲಿ ಎರಡೂ ಕಡೆ ಒಂದೇ ಲೆಕ್ಕ ಬರುವುದಿಲ್ಲ. ಅಡ್ಡಕ್ಕೆ 14 ಬಂದು ಉದ್ದಕ್ಕೆ 13 ಬಂದರೆ 42 ಇಂಚಿನ ಚಿತ್ರ 45 ಇಂಚು ಆಗುತ್ತದೆ. ಮರ ಗಿಡದ ಚಿತ್ರವಾಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಿನ್ನದು ಬಳೆ. ದುಂಡಗಿರಬೇಕಾದದ್ದು ಕೋಳಿಮೊಟ್ಟೆಯ ಆಕಾರಕ್ಕೆ ಬಂದರೆ ಆಮೇಲೆ ಏನೂ ಮಾಡಲಾಗದು.

ಸುತ್ತಲೂ ನಾಲ್ಕು ನಾಲ್ಕು ಇಂಚು ಬಿಡು. ಅಂದರೆ 38 ಇಂಚಿಗೆ 50 ಇಂಚಿನ ತುಂಡು. ಕತ್ತರಿಸಿದ ದಿನವೇ ನಾಲ್ಕೂ ಅಂಚು ಮಡಿಚಿ ಮಿಷನ್ನಿನಲ್ಲಿ ಹೊಲಿಗೆ ಹಾಕಿಸು. ಅಂಚಿಗೆ ಟೇಪು ಅಂಟಿಸಿದರೆ ಸಾಕು ಎನ್ನುವವರಿದ್ದಾರೆ. ಮೂರು ಬೇಸಿಗೆ ಕಳೆದ ಮೇಲೆ ಆ ಟೇಪಿನ ಗೋಂದು ಬಟ್ಟೆಗೇ ಇಳಿದು, ಧೂಳು ಹಿಡಿದು ಕಪ್ಪಾಗುತ್ತದೆ, ಅದು ಬೇಡ. ಬಟ್ಟೆಯನ್ನು ಮೊದಲೇ ನೀರಿಗೂ ಹಾಕಬೇಡ. ಅಂಗಡಿಯಿಂದ ಬಂದ ಗಂಜಿಯ ಬಿಗಿ ಚೌಕಗಳನ್ನು ನೆಟ್ಟಗೆ ಹಿಡಿದಿರುತ್ತದೆ. ಮಡಿಕೆಯ ಗೆರೆಗಳನ್ನು ಇಸ್ತ್ರಿ ಮಾಡಿ ತೆಗೆದರಾಯಿತು.

ಆಮೇಲೆ ಬಟ್ಟೆಯನ್ನು ನೆಲದ ಮೇಲೆ ಪೂರ್ತಿ ಹಾಸಿ, ಹತ್ತು ಚೌಕಕ್ಕೊಂದರಂತೆ ಎರಡೂ ದಿಕ್ಕಿಗೆ ಸಾದಾ ಓಟದ ಹೊಲಿಗೆಯಲ್ಲಿ ಗೆರೆ ಹಾಕಿಕೊ. ಪೆನ್ನಿನ ಗೆರೆ ಬೇಡ, ನೀರಿಗೆ ಹೋಗುತ್ತದೆಂದು ಮಾರುವ ಪೆನ್ನಿನ ಗುರುತೂ ಇಸ್ತ್ರಿಯ ಕಾವು ತಗುಲಿದರೆ ಕಚ್ಚಿಕೊಂಡುಬಿಡುತ್ತದೆ. ಮೀನಿನ ಗಾಳಕ್ಕೆ ಕಟ್ಟುವ ಸಣ್ಣ ನೈಲಾನ್ ದಾರ ಸಿಕ್ಕರೆ ಅದೇ ಒಳ್ಳೆಯದು. ಸೂಜಿ ಅದನ್ನು ಚುಚ್ಚಿ ಸೀಳುವುದಿಲ್ಲ, ಕೊನೆಯಲ್ಲಿ ಎಳೆದರೆ ಸಲೀಸಾಗಿ ಬರುತ್ತದೆ. ಅಡ್ಡಕ್ಕೂ ಉದ್ದಕ್ಕೂ ಸೇರಿ ಒಳಗಿನ ಗೆರೆಗಳೇ 99 ಆಗುತ್ತವೆ. ಬೇಸರ ಬರುವ ಕೆಲಸ ನಿಜ. ಆದರೂ ಹೊಲಿಯುತ್ತಾ ಹೊಲಿಯುತ್ತಾ ಮುಂದಿನ ಗೆರೆ ಹಾಕಿಕೊಳ್ಳುತ್ತೇನೆ ಎನ್ನಬೇಡ. ಬಟ್ಟೆ ಒಂದು ಸಲ ಸುರುಳಿಯಾದರೆ ಅದು ಪೂರ್ತಿ ನಿನ್ನ ಕಣ್ಣಿಗೆ ಬೀಳುವುದು ಕೆಲಸ ಮುಗಿದ ಮೇಲೆಯೇ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಮುಂದಿನ ಸಲ ಕೊಳ್ಳೇಗಾಲಕ್ಕೆ ಬಂದಾಗ ದೇವಾಂಗಪೇಟೆಯಲ್ಲಿ ಕೈಮಗ್ಗದ ಮುಂದೆ ಸ್ವಲ್ಪ ಹೊತ್ತು ಕೂತು ನೋಡು. ಸೀರೆ ಐದೂವರೆ ಮೀಟರ್. ನೇಯುವವರ ಕಣ್ಣ ಮುಂದೆ ಇರುವುದು ಹಣಿಗೆಗೂ ಅವರ ಹೊಟ್ಟೆಯ ಮುಂದಿನ ಮರಕ್ಕೂ ನಡುವಿನ ಪಟ್ಟಿ ಅಷ್ಟೇ. ನೇಯ್ದದ್ದು ನೇಯ್ದ ಹಾಗೆ ಆ ಮರಕ್ಕೆ ಸುತ್ತಿಕೊಳ್ಳುತ್ತದೆ, ಮುಂದಿನ ಹಾಸು ಹಿಂದಿನಿಂದ ಬಿಚ್ಚಿಕೊಂಡು ಬರುತ್ತದೆ. ಎಲ್ಲೂ ಮಡಿಕೆ ಇಲ್ಲ, ನೆಲಕ್ಕೆ ತಗಲುವುದಿಲ್ಲ, ನಡುವೆ ಒಂದು ಕಡೆ ಸಡಿಲ ಇನ್ನೊಂದು ಕಡೆ ಬಿಗಿ ಎಂಬುದಿಲ್ಲ. ಅಗಲ ಕುಗ್ಗದ ಹಾಗೆ ಎರಡು ಅಂಚಿಗೂ ಸಿಕ್ಕಿಸುವ ಕಡ್ಡಿಯೊಂದು ಇರುತ್ತದೆ, ಅದನ್ನೂ ಗಮನಿಸು. ಜರಿ ಹಾಕಿದ ರೇಷ್ಮೆಗೆ ಒಂದು ಸಲ ಮಡಿಕೆ ಬಿದ್ದರೆ ಆ ಗೆರೆ ಹೋಗದು ಎಂದು ಅವರಿಗೆ ಗೊತ್ತು, ಆದ್ದರಿಂದ ಬಟ್ಟೆ ಹುಟ್ಟುವಾಗಲೇ ಸುರುಳಿಯಾಗಿ ಹುಟ್ಟುತ್ತದೆ. ನಿನಗೂ ಬೇಕಾದದ್ದು ಅಂಥದೇ ಒಂದು ಚಿಕ್ಕ ಮಗ್ಗ.

ಹನೂರಿನಲ್ಲಿ ಯಾವ ಬಡಗಿಗೆ ಹೇಳಿದರೂ ಮಾಡಿಕೊಡುತ್ತಾರೆ. 42 ಇಂಚಿನ ಎರಡು ದುಂಡು ಕೋಲು, ಉಜ್ಜಿ ನುಣುಪು ಮಾಡಿದ್ದು. ಎರಡಕ್ಕೂ ಉದ್ದಕ್ಕೆ ಗಟ್ಟಿ ಕೋರಾ ಬಟ್ಟೆಯ ಪಟ್ಟಿ ಬಡಿಸು; ನಿನ್ನ ಬಟ್ಟೆಯ ಮೇಲಂಚು ಕೆಳಂಚನ್ನು ಆ ಪಟ್ಟಿಗೆ ಹೊಲಿದುಕೊಳ್ಳಬೇಕು. ಪಕ್ಕಕ್ಕೆ ಎರಡು ಪಟ್ಟಿ ಮರ, ಕೋಲು ತಿರುಗಿಸಿ ಬಿಗಿ ಮಾಡಲು ಕೈಯಲ್ಲೇ ತಿರುಗಿಸುವ ನಟ್ಟು ಬೋಲ್ಟು. ರವಿಕೆಗೆ ಆರಿ ವರ್ಕ್ ಮಾಡುವ ಹೆಣ್ಣುಮಕ್ಕಳ ಸ್ಟ್ಯಾಂಡು ನೋಡಿದ್ದರೆ ಅಂದಾಜು ಸಿಗುತ್ತದೆ, ಅವರದು ಸುತ್ತುವುದಿಲ್ಲ ಅಷ್ಟೇ. ಇದನ್ನು ಎರಡು ಸ್ಟೂಲಿನ ಮೇಲಿಟ್ಟು ಹೊಲಿ. ಭಾರ ಸ್ಟೂಲಿನ ಮೇಲಿರಲಿ, ನಿನ್ನ ಎಡಗೈ ಮೇಲೆ ಬೇಡ. ಬಟ್ಟೆ ತನ್ನ ಭಾರಕ್ಕೇ ಜೋತು ಎಳೆದರೆ ಚೌಕಗಳು ಓರೆಯಾಗುತ್ತವೆ.

ಕೈಯಳತೆಗೆ ಕೆಲಸ ಬರಬೇಕು, ಕೆಲಸದ ಕಡೆ ಬೆನ್ನು ಬಾಗಬಾರದು. ಒಡೆಯರಪಾಳ್ಯ ನಿನಗೆ ಹತ್ತಿರವೇ ಇದೆ, ಅಲ್ಲಿ ನೆಲೆಸಿರುವ ಟಿಬೆಟನ್ನರ ರತ್ನಗಂಬಳಿಯ ಮಗ್ಗ ಈ ಮಾತನ್ನು ಕಣ್ಣಿಗೇ ತೋರಿಸುತ್ತದೆ. ನೆಟ್ಟಗೆ ನಿಂತ ಮಗ್ಗ ಅದು. ಹಾಸು ಮೇಲಿನ ಮರ ಕೆಳಗಿನ ಮರ ಎರಡನ್ನೂ ಬಳಸಿಕೊಂಡಿರುತ್ತದೆ. ಗಂಟು ಹಾಕುತ್ತಾ ಕೆಲಸ ಮೇಲೇರಿದಂತೆ ಆದದ್ದನ್ನು ಕೆಳಕ್ಕೆಳೆದು ಹಿಂದಕ್ಕೆ ಸರಿಸುತ್ತಾರೆ. ಕಂಬಳಿ ಎಷ್ಟೇ ಉದ್ದವಿರಲಿ, ಕೂತವರ ಕೈ ಎದೆಯ ಮಟ್ಟದಲ್ಲೇ ಆಡುತ್ತಿರುತ್ತದೆ.

ಪುಸ್ತಕಗಳಲ್ಲಿ ನಡುವಿನಿಂದ ಶುರುಮಾಡು ಎಂದಿರುತ್ತದೆ. ಚಿಕ್ಕ ಚಿತ್ರಕ್ಕೆ ಅದು ಸರಿ. ನೀನು ಮೇಲಿನ ಎಡಮೂಲೆಯಿಂದ ಇಳಿದು ಬಾ. ಆಗ ಸುರುಳಿ ಒಂದೇ ದಿಕ್ಕಿಗೆ ಸುತ್ತುತ್ತದೆ, ನಿನ್ನ ಮುಂಗೈ ಊರುವುದು ಇನ್ನೂ ಹೊಲಿಯದ ಬಟ್ಟೆಯ ಮೇಲೆ. ಹೊಲಿದ ಮುಖ ಒಳಗೆ ಬರುವಂತೆ ಸುತ್ತು, ನಡುವೆ ಹಳೆಯ ಮಲ್ ಬಟ್ಟೆಯ ಒಂದು ಪದರ ಇಡು. ಹಿಂದುಗಡೆ ದಾರಕ್ಕೆ ಗಂಟು ಹಾಕಲೇಬೇಡ. ಧಾರವಾಡದ ಕಡೆ ಇಳಕಲ್ ಸೀರೆಗೆ ಕಸೂತಿ ಹಾಕುವವರು ಎಳೆ ಎಣಿಸಿ ಹಾಕುವ ಮೆಂತಿ ಹೊಲಿಗೆ ಇದೆಯಲ್ಲ, ನಿನ್ನ ಕ್ರಾಸ್ ಸ್ಟಿಚ್ಚೇ ಅದು. ಅವರೂ ಗಂಟು ಹಾಕುವುದಿಲ್ಲ, ಹಿಂದಿನ ಎಳೆಗಳಡಿಯಲ್ಲೇ ತುದಿ ತೂರಿಸುತ್ತಾರೆ. ಸುರುಳಿಯೊಳಗೆ ಒಂದೊಂದು ಗಂಟೂ ಕೆಳಗಿನ ಪದರವನ್ನು ಒತ್ತುತ್ತಾ ಇರುತ್ತದೆ. ಮಲಗುವ ಮುಂಚೆ ನಟ್ಟು ಸಡಿಲ ಮಾಡು, ಬಟ್ಟೆಗೂ ಬಿಗಿಯಿಂದ ಬಿಡುವು ಬೇಕು.

ಸದ್ಯಕ್ಕೆ ಕಸೂತಿಯ ರಿಂಗೇ ಇರುವುದು, ಅದರಲ್ಲೇ ಶುರುಮಾಡುತ್ತೇನೆ ಎಂದರೆ ಬೇಡ ಎನ್ನುವುದಿಲ್ಲ. ಒಳಗಿನ ರಿಂಗಿಗೆ ಹತ್ತಿ ಪಟ್ಟಿ ಸುತ್ತಿಕೊ, ಉಳಿದ ಬಟ್ಟೆಯನ್ನು ನಾಲ್ಕು ಕಡೆಯಿಂದಲೂ ಸಡಿಲವಾಗಿ ಸುತ್ತಿ ದಾರದಲ್ಲಿ ಕಟ್ಟು, ಕಬ್ಬಿಣದ ಕ್ಲಿಪ್ಪು ಹಾಕಬೇಡ. ಕೈಯೆತ್ತಿದ ಕೂಡಲೇ ರಿಂಗು ಬಿಚ್ಚು. ಒಂದು ರಾತ್ರಿ ಹಾಗೇ ಬಿಟ್ಟರೆ ಬೀಳುವ ದುಂಡು ಗುರುತು ನಿನ್ನ ಆಕಾಶದ ತಿಳಿ ಬೂದಿಬಣ್ಣದಲ್ಲಿ ಚೆನ್ನಾಗಿ ಎದ್ದು ಕಾಣುತ್ತದೆ.

ತುಂಡು ತುಂಡಾಗಿ ಹೊಲಿದು ಕೊನೆಗೆ ಸೇರಿಸಿದರೆ ಹೇಗೆ ಎಂದೂ ಕೇಳಿದ್ದೀಯ. ಫ್ರಾನ್ಸಿನ ಬಾಯೋ ಊರಿನದೆಂದು ಹೆಸರಾದ, ಸುಮಾರು 70 ಮೀಟರ್ ಉದ್ದದ ಹಳೆಯ ಕಸೂತಿ ಪಟ್ಟಿಯೊಂದಿದೆ, 1066ರ ಯುದ್ಧದ ಕಥೆ ಅದರಲ್ಲಿದೆ. ಒಂಬತ್ತು ನಾರುಬಟ್ಟೆಯ ತುಂಡುಗಳನ್ನು ಜೋಡಿಸಿದ್ದು ಅದು. ಅಲ್ಲಿ ಚಿತ್ರಗಳ ನಡುವೆ ಬರಿಯ ಬಟ್ಟೆ ಕಾಣುತ್ತದೆ, ಜೋಡಣೆಗೆ ಜಾಗ ಸಿಗುತ್ತದೆ. ನಿನ್ನ ನಕ್ಷೆಯಲ್ಲಿ ಒಂದು ಚೌಕವೂ ಖಾಲಿ ಇಲ್ಲ. ಒಂದೇ ಬಟ್ಟೆಯಲ್ಲಿ ಮಾಡು.

ಮನೆಯ ವಿಷಯ ನನಗೆ ಹೆಚ್ಚು ಚಿಂತೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಜಡೆ ಮುಂದಕ್ಕೆ ಬಿಟ್ಟುಕೊಂಡು ಕೂರಬೇಡ. ಅರಿಸಿನ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದು, ಪೂರ್ತಿ ಒರೆಸಿಕೊಂಡು ಕೂರು. ಹಣೆಯ ಕುಂಕುಮ ಬೆವರಿಗೆ ಇಳಿಯುವ ಕಾಲದಲ್ಲಿ ಪಕ್ಕದಲ್ಲೊಂದು ಟವಲು ಇರಲಿ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಏಳಬೇಡ, ಮಳೆಗಾಲದಲ್ಲಿ ತುಕ್ಕು ಇಳಿದ ಚುಕ್ಕೆ ಯಾವ ಸೋಪಿಗೂ ಹೋಗುವುದಿಲ್ಲ. ಸುರುಳಿಯ ಮೇಲೆ ಹಳೆಯ ಹತ್ತಿ ಪಂಚೆ ಸುತ್ತಿಡು. ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಒಳಗೇ ಬೆವತು ಬೂಷ್ಟು ಹಿಡಿಯುತ್ತದೆ. ನುಸಿಗುಳಿಗೆ ಬಟ್ಟೆಗೆ ತಗಲಬಾರದು, ಬೇಕಾದರೆ ಒಣಗಿಸಿದ ಬೇವಿನೆಲೆಯನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಪಕ್ಕದಲ್ಲಿಡು. ತಿಂಗಳಿಗೊಮ್ಮೆ ನೆರಳಿನಲ್ಲಿ ಪೂರ್ತಿ ಬಿಚ್ಚಿ ಗಾಳಿಗೆ ಹಿಡಿ, ಬಿಸಿಲಿಗೆ ಮಾತ್ರ ಬೇಡ.

ಕೊಳ್ಳೇಗಾಲದ ಮೊಮ್ಮಗಳು ನೀನು, ರೇಷ್ಮೆ ದಾರದಲ್ಲೇ ಹೊಲಿಯುತ್ತೇನೆ ಎಂಬ ಆಸೆ ಬರಬಹುದು. ಮೊದಲ ದೊಡ್ಡ ಕೆಲಸಕ್ಕೆ ಹತ್ತಿ ದಾರ ಸಾಕು. ಆರೆಳೆಯ ದಾರದಲ್ಲಿ ಎರಡೆಳೆ ತೆಗೆದುಕೊ. ಬೂದಿಬಣ್ಣಗಳು ರಾತ್ರಿಯ ಲೈಟಿನಲ್ಲಿ ಒಂದೇ ಥರ ಕಾಣುತ್ತವೆ, ಒಂದೊಂದು ಲಡಿಗೂ ನಂಬರು ಬರೆದು ಕಟ್ಟು.

ಮುಗಿದ ಮೇಲೆ ಮೊದಲು ಗೆರೆಯ ದಾರಗಳನ್ನೆಲ್ಲ ಎಳೆದು ತೆಗೆ. ತಣ್ಣೀರಿನಲ್ಲಿ ಸ್ವಲ್ಪವೇ ಮೃದುವಾದ ಸೋಪು ಹಾಕಿ ಅದ್ದು, ಉಜ್ಜಬೇಡ, ಹಿಂಡಬೇಡ. ಬಣ್ಣ ಬಿಟ್ಟಂತೆ ಕಂಡರೆ ಒಣಗಲು ಬಿಡದೆ ನೀರು ಬದಲಾಯಿಸುತ್ತಲೇ ಇರು. ದಪ್ಪ ಟವಲಿನೊಳಗೆ ಸುತ್ತಿ ನೀರು ಹೀರಿಸಿ, ಇನ್ನೂ ತೇವ ಇರುವಾಗಲೇ ಮುಖ ಕೆಳಗೆ ಮಾಡಿ ಟವಲಿನ ಮೇಲೆ ಇಸ್ತ್ರಿ ಹಾಕು. ಕಟ್ಟು ಹಾಕಿಸುವಾಗ ನೀನೇ ಅಂಗಡಿಯಲ್ಲಿ ಎದುರು ನಿಂತಿರು. ಫೆವಿಕಾಲ್ ಹಚ್ಚಿ ರಟ್ಟಿಗೆ ಅಂಟಿಸಲು ಬಿಡಬೇಡ. ಸುತ್ತಲೂ ಬಿಟ್ಟಿರುವ ನಾಲ್ಕು ಇಂಚನ್ನು ಹಿಂದಕ್ಕೆ ಮಡಿಚಿ, ಅಡ್ಡಕ್ಕೂ ಉದ್ದಕ್ಕೂ ಗಟ್ಟಿ ದಾರದಲ್ಲಿ ಎಳೆದು ಕಟ್ಟಿಸು, ಗಾಜು ಹೊಲಿಗೆಗೆ ತಾಗದಂತೆ ನಡುವೆ ಸಣ್ಣ ಪಟ್ಟಿ ಕೊಡಿಸು. ಬಡಗಿಗೆ ಕೊಡಲು ಕೋಲಿನ ಅಳತೆಯನ್ನು ಬೇರೆ ಚೀಟಿಯಲ್ಲಿ ಬರೆದು ಈ ಕಾಗದದ ಜೊತೆಗೇ ಇಟ್ಟಿದ್ದೇನೆ.